ಹಳೇ 2500ಕೆ ಪ್ರೊಸೆಸರನ್ನು ಜೋಪಾನವಾಗಿ ವೇಗವಾಗಿಸುವುದು ಹೇಗೆ?

ನಮ್ಮ ಮನೆಯ ಡೆಸ್ಕ್‌ಟಾಪ್‌ನಲ್ಲಿ ಇಂದಿಗೂ ಇಂಟೆಲ್ ಕೋರ್ ಐ5-2500ಕೆ ಪ್ರೊಸೆಸರ್ ಇದೆ. 2011ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಚಿಪ್ ಅದು. ನಾಲ್ಕು ಕೋರ್, ಮೂಲ ವೇಗ 3.3 ಗಿಗಾಹರ್ಟ್ಸ್. ಹೆಸರಿನ ಕೊನೆಗೆ ‘ಕೆ’ ಇದ್ದರೆ ಮಲ್ಟಿಪ್ಲೈಯರ್‌ಗೆ (ವೇಗ ನಿರ್ಧರಿಸುವ ಗುಣಕ) ಕಂಪನಿ ಬೀಗ ಹಾಕಿಲ್ಲ ಎಂದರ್ಥ. ಹಾಗಾಗಿ ಸಾವಿರಾರು ರೂಪಾಯಿ ಕೊಟ್ಟು ಹೊಸದು ಕೊಳ್ಳುವ ಮೊದಲು, ಇರುವುದರ ವೇಗ ಏರಿಸಿ (ಇದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ) ಇನ್ನಷ್ಟು ಕೆಲಸ ತೆಗೆಯಬಹುದು. ನೀರಿನ ಕೂಲರ್ ಬೇಕಿಲ್ಲ, ಒಳ್ಳೆಯ ಫ್ಯಾನ್ ಕೂಲರ್ ಸಾಕು. ಬೇಕಾಗಿರುವುದು ಒಂದು ಭಾನುವಾರ ಮತ್ತು ತಾಳ್ಮೆ.

ಪ್ರೊಸೆಸರ್ ವೇಗ ಅಂದರೆ ಒಂದು ಗುಣಾಕಾರ. ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್. ಮಲ್ಟಿಪ್ಲೈಯರ್ 33 ಇದ್ದರೆ 3,300, 42 ಇದ್ದರೆ 4,200. ನಾವು ಬದಲಾಯಿಸುವುದು ಮಲ್ಟಿಪ್ಲೈಯರ್ ಮಾತ್ರ. ಬೇಸ್ ಕ್ಲಾಕ್ ಮುಟ್ಟಲೇಬೇಡಿ. ಈ ತಲೆಮಾರಿನಲ್ಲಿ ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್ ಕನೆಕ್ಷನ್ ಎಲ್ಲ ಅದಕ್ಕೇ ಅಂಟಿಕೊಂಡಿವೆ. ಅದನ್ನು ಜಾಸ್ತಿ ಮಾಡಿದರೆ ಡಿಸ್ಕ್‌ನಲ್ಲಿರುವ ಫೈಲ್‌ಗಳೇ ಕೆಡಬಹುದು.

ಮದರ್‌ಬೋರ್ಡ್ ಕೂಡ ಒಪ್ಪಬೇಕು. ಸಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್ ತೆರೆದು ಚಿಪ್‌ಸೆಟ್ (ಮದರ್‌ಬೋರ್ಡ್‌ನ ನಿಯಂತ್ರಕ ಚಿಪ್) ಯಾವುದೆಂದು ನೋಡಿ. ಪಿ67, ಝಡ್68, ಝಡ್77 ಇದ್ದರೆ ಮುಂದುವರಿಯಿರಿ. ಎಚ್61 ಇದ್ದರೆ ಇಲ್ಲಿಗೇ ಬಿಡಿ.

ಮೊದಲು ದೂಳು, ಆಮೇಲೆ ವೇಗ

ಶುರು ಮಾಡುವ ಮುನ್ನ ಫೋಟೊ, ದಾಖಲೆಗಳನ್ನೆಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ನಂತರ ವೈರ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ, ಕ್ಯಾಬಿನೆಟ್ ಬಿಚ್ಚಿ. ಹೀಟ್‌ಸಿಂಕ್‌ನ (ಪ್ರೊಸೆಸರ್ ಬಿಸಿ ಹೀರುವ ಲೋಹದ ಭಾಗ) ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತ ದೂಳನ್ನು ಬ್ರಷ್ ಮತ್ತು ಬ್ಲೋವರ್‌ನಿಂದ ತೆಗೆಯಿರಿ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಅಥವಾ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಹಳೆಯದಾಗಿ ಕಿರುಗುಟ್ಟುತ್ತಿದ್ದರೆ ಓವರ್‌ಕ್ಲಾಕಿಂಗ್ ಯೋಚನೆ ಬಿಟ್ಟು ಮೊದಲು ಅದನ್ನು ಸರಿಪಡಿಸಿ.

ಪ್ರೊಸೆಸರ್ ಜತೆ ಡಬ್ಬಿಯಲ್ಲಿ ಬಂದ ಕೂಲರ್ ಈ ಕೆಲಸಕ್ಕೆ ಸಾಲದು. ಹೀಟ್‌ಪೈಪ್‌ಗಳಿರುವ, 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ ಬೇಕು. ಕೂಲರ್ ಮಾಸ್ಟರ್ ಹೈಪರ್ 212 ಥರದ್ದು ಸಾಕು. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಕೊಳ್ಳುವುದಾದರೆ 1155 ಸಾಕೆಟ್‌ಗೆ (ಈ ಪ್ರೊಸೆಸರ್ ಕೂರುವ ಜಾಗ) ಹೊಂದುವ ಬ್ರಾಕೆಟ್ ಡಬ್ಬಿಯಲ್ಲಿದೆಯೇ ಎಂದು ಅಲ್ಲೇ ತೆರೆದು ನೋಡಿ. ಬ್ರಾಕೆಟ್ ಇಲ್ಲದ ಕೂಲರ್ ತಂದರೆ ಉಪಯೋಗವಿಲ್ಲ.

ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಹಳೇ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಪೂರ್ತಿ ಒರೆಸಿ. ಹೊಸ ಪೇಸ್ಟ್ ತೊಗರಿಬೇಳೆಯಷ್ಟು ಸಾಕು. ಸ್ಕ್ರೂಗಳನ್ನು ಒಂದು ಮೂಲೆ, ಅದರ ಎದುರು ಮೂಲೆ ಎಂದು ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಫ್ಯಾನಿನ ಗಾಳಿ ಕ್ಯಾಬಿನೆಟ್‌ನ ಹಿಂಭಾಗದ ಕಡೆ ಹೋಗುವಂತಿರಲಿ.

ಇಲ್ಲೊಂದು ವಿಷಯ ಎಷ್ಟೋ ಜನ ಮರೆಯುತ್ತಾರೆ. ಹಳೇ ಕೂಲರ್ ಗಾಳಿಯನ್ನು ಕೆಳಗೆ ಊದುತ್ತಿತ್ತು. ಅದರಿಂದ ಪ್ರೊಸೆಸರ್ ಸುತ್ತಲಿನ ವಿದ್ಯುತ್ ಭಾಗಗಳೂ ತಣ್ಣಗಾಗುತ್ತಿದ್ದವು. ಟವರ್ ಕೂಲರ್ ಅಡ್ಡಕ್ಕೆ ಊದುತ್ತದೆ, ಆ ಭಾಗಗಳಿಗೆ ಗಾಳಿ ತಗಲುವುದು ಕಡಿಮೆ. ಆದ್ದರಿಂದ ಕ್ಯಾಬಿನೆಟ್ ಹಿಂದೆ ಬಿಸಿಗಾಳಿ ಎಳೆದು ಹಾಕುವ ಒಂದು ಫ್ಯಾನ್ ಇರಲೇಬೇಕು.

ಈಗ ಯಾವುದನ್ನೂ ಏರಿಸದೆ ಒಮ್ಮೆ ಪರೀಕ್ಷೆ ಮಾಡಿ. ಬಿಸಿ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್ ತೆರೆದಿಟ್ಟು, ಪ್ರೊಸೆಸರಿಗೆ ಪೂರ್ತಿ ಭಾರ ಹೊರಿಸುವ ಪ್ರೈಮ್95ನಲ್ಲಿ ‘ಸ್ಮಾಲ್ ಎಫ್‌ಎಫ್‌ಟಿ’ ಪರೀಕ್ಷೆಯನ್ನು 20 ನಿಮಿಷ ಓಡಿಸಿ. ಅತಿ ಹೆಚ್ಚಿನ ಬಿಸಿ, ಆಗಿನ ವೋಲ್ಟೇಜ್, ಕೋಣೆಯ ಉಷ್ಣಾಂಶ ಮೂರನ್ನೂ ಕಾಗದದ ಮೇಲೆ ಬರೆದಿಡಿ. ಮಾಮೂಲಿ ವೇಗದಲ್ಲೇ 70 ಡಿಗ್ರಿ ದಾಟಿದರೆ ಕೂಲರ್ ಸರಿಯಾಗಿ ಕೂತಿಲ್ಲ. ಬಿಚ್ಚಿ ಮತ್ತೆ ಹಾಕಿ.

ವೋಲ್ಟೇಜ್ ವಿಷಯದಲ್ಲಿ ಜಿಪುಣರಾಗಿ

ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದೇ. ಪ್ರೊಸೆಸರ್ ಎಳೆಯುವ ವಿದ್ಯುತ್ ವೇಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜ್‌ಗಾದರೆ ಅದರ ವರ್ಗಕ್ಕೆ ತಕ್ಕಂತೆ ಏರುತ್ತದೆ. ಲೆಕ್ಕ ಹಾಕಿ ನೋಡಿ. ನಾಲ್ಕೂ ಕೋರ್ ದುಡಿಯುವಾಗ ಕಂಪನಿ ಕೊಟ್ಟ ‘ಟರ್ಬೊ’ ವೇಗ (ಮೂಲ ವೇಗಕ್ಕಿಂತ ಚಿಪ್ ತಾನೇ ಏರುವ ವೇಗ) 3.4. ಅದನ್ನು 4.2ಕ್ಕೆ ಏರಿಸಿದರೆ ಸುಮಾರು ಶೇ 24 ಲಾಭ. ಅದಕ್ಕಾಗಿ ವೋಲ್ಟೇಜ್ 1.20ರಿಂದ 1.30ಕ್ಕೆ ಹೋದರೆ ವಿದ್ಯುತ್ ಸುಮಾರು ಶೇ 45ರಷ್ಟು ಜಾಸ್ತಿ ಬೇಕು. ಅಷ್ಟೂ ಬಿಸಿಯಾಗಿಯೇ ಹೊರಬರುತ್ತದೆ, ಅಲ್ವಾ?

ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್ ಪರದೆ) ವೋಲ್ಟೇಜನ್ನು ‘ಆಟೋ’ದಲ್ಲಿ ಬಿಡಬೇಡಿ. ಮೊದಲ ಸಲ ನಾನು ಹಾಗೆ ಬಿಟ್ಟು ನೇರ 4.5ಕ್ಕೆ ಏರಿಸಿದ್ದೆ. ಬೋರ್ಡ್ ತಾನಾಗಿಯೇ 1.4 ವೋಲ್ಟ್ ದಾಟಿಸಿತ್ತು, ಬಿಸಿ 90ರ ಹತ್ತಿರ ಹೋಗಿತ್ತು. ಈ ಚಿಪ್ 98 ಡಿಗ್ರಿ ಮುಟ್ಟಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಹೋಗುವುದೇ ಬೇಡ. ನಾನು ಇಟ್ಟುಕೊಂಡಿರುವ ಗಡಿ: ಪರೀಕ್ಷೆಯಲ್ಲಿ 80 ಡಿಗ್ರಿ, ವೋಲ್ಟೇಜ್ 1.35.

ಈಗ ಬಯಾಸ್‌ಗೆ ಹೋಗಿ. ನೀವು ಬರೆದಿಟ್ಟ ವೋಲ್ಟೇಜನ್ನೇ ಕೈಯಾರೆ ಹಾಕಿ. ಮಲ್ಟಿಪ್ಲೈಯರ್ 38 ಮಾಡಿ. ರ‍್ಯಾಮ್ ಹಾಗೇ ಇರಲಿ. ಒಂದೇ ಸಲ ಎರಡು ಬದಲಾವಣೆ ಮಾಡಿದರೆ ತಪ್ಪು ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಲೋಡ್ ಲೈನ್ ಕ್ಯಾಲಿಬ್ರೇಷನ್ ಎಂಬ ಆಯ್ಕೆ ಇದ್ದರೆ ಮಧ್ಯದ ಹಂತದಲ್ಲಿಡಿ. ಕೆಲಸದ ಭಾರ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ಅದು ತಡೆಯುತ್ತದೆ. ಕೊನೆಯ ಹಂತಕ್ಕೆ ಹಾಕಿದರೆ ಭಾರ ಇಳಿದ ಕ್ಷಣ ವೋಲ್ಟೇಜ್ ಹಾರುತ್ತದೆ, ಅದು ಚಿಪ್‌ಗೆ ಒಳ್ಳೆಯದಲ್ಲ.

ಸೇವ್ ಮಾಡಿ, ವಿಂಡೋಸ್‌ಗೆ ಬಂದು, ಮತ್ತೆ 20 ನಿಮಿಷ ಪ್ರೈಮ್95. ಪಾಸಾದರೆ 40. ಆಮೇಲೆ 41, 42, ಒಂದೊಂದೇ. ಹ್ಯಾಂಗ್ ಆದರೆ, ನೀಲಿ ಪರದೆ ಬಂದರೆ, ಪ್ರೈಮ್95ನ ನಾಲ್ಕು ‘ವರ್ಕರ್’ಗಳಲ್ಲಿ (ಕೋರ್‌ಗೊಂದರಂತೆ ಓಡುವ ಪರೀಕ್ಷೆ) ಒಂದು ನಿಂತರೂ ಫೇಲ್ ಎಂದೇ ಲೆಕ್ಕ. ನೀಲಿ ಪರದೆಯ ಸಂಖ್ಯೆ 124 ಅಥವಾ 101ಕ್ಕೆ ಮುಗಿದಿದ್ದರೆ ಹೆಚ್ಚಿನ ಸಲ ವೋಲ್ಟೇಜ್ ಸಾಲದೆ ಆಗಿರುವುದು. ಆಗ 0.01 ಅಥವಾ 0.02 ವೋಲ್ಟ್ ಮಾತ್ರ ಏರಿಸಿ. ಕಂಪ್ಯೂಟರ್ ಆನ್ ಆಗದೇ ಹೋದರೂ ಗಾಬರಿ ಬೇಡ. ವೈರ್ ಕಿತ್ತು, ಬೋರ್ಡ್‌ನ ದುಂಡು ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಹಾಕಿ. ಸೆಟ್ಟಿಂಗ್ ಎಲ್ಲ ಮೊದಲಿನಂತಾಗುತ್ತದೆ.

4.2ರಲ್ಲಿ ನಿಲ್ಲಿ ಎನ್ನುವುದು ನನ್ನ ಸಲಹೆ. 4.5 ಸಾಧಿಸಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕೊನೆಯ ಆ 300 ಮೆಗಾಹರ್ಟ್ಸ್‌ಗೆ ಕೊಡಬೇಕಾದ ಬಿಸಿ ಜಾಸ್ತಿ, ದಿನದ ಕೆಲಸದಲ್ಲಿ ವ್ಯತ್ಯಾಸ ಕಾಣುವುದು ಕಡಿಮೆ. ಹತ್ತು ವರ್ಷ ದಾಟಿದ ಬೋರ್ಡ್‌ಗೆ ಅಷ್ಟು ಭಾರ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. (ಇದರ ನಂತರ ಬಂದ 3570ಕೆ ಇದ್ದವರು ಇನ್ನೂ ಎಚ್ಚರದಿಂದಿರಿ. 2500ಕೆಯಲ್ಲಿ ಲೋಹದ ಮುಚ್ಚಳವನ್ನು ಚಿಪ್‌ಗೆ ಬೆಸುಗೆ ಹಾಕಿದ್ದರು. 3570ಕೆಯಲ್ಲಿ ನಡುವೆ ಇರುವುದು ಪೇಸ್ಟ್. ಬಿಸಿ ಅಷ್ಟು ಸಲೀಸಾಗಿ ಹೊರಬರುವುದಿಲ್ಲ.)

ಕೊನೆಗೆ ರಾತ್ರಿಯಿಡೀ ಬೇಡ, ಹಗಲಲ್ಲಿ ನೀವು ಎದುರಿಗಿದ್ದಾಗ ಐದಾರು ಗಂಟೆ ಪರೀಕ್ಷೆ ಓಡಿಸಿ. ಮುಗಿದ ಮೇಲೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ‘ಡಬ್ಲ್ಯುಎಚ್‌ಇಎ’ (ಹಾರ್ಡ್‌ವೇರ್ ದೋಷದ ವರದಿ) ಹೆಸರಿನ ಎಚ್ಚರಿಕೆಗಳಿವೆಯೇ ನೋಡಿ. ಇದ್ದರೆ, ಪರದೆಯ ಮೇಲೆ ಏನೂ ಕಾಣದಿದ್ದರೂ ಪ್ರೊಸೆಸರ್ ಒಳಗೊಳಗೇ ತಪ್ಪುತ್ತಿದೆ ಎಂದರ್ಥ. ಒಂದು ಹಂತ ಕೆಳಗಿಳಿಯಿರಿ. ಬಯಾಸ್‌ನಲ್ಲಿ ಸ್ಪೀಡ್‌ಸ್ಟೆಪ್ ಎಂಬ ಆಯ್ಕೆ ಆನ್ ಇರಲಿ. ಸುಮ್ನೆ ಇದ್ದಾಗ ಚಿಪ್ 1.6 ಗಿಗಾಹರ್ಟ್ಸ್‌ಗೆ ಇಳಿದು ವಿಶ್ರಾಂತಿ ಪಡೆಯುತ್ತದೆ.

ಕೋಣೆ ಎಷ್ಟು ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಏರುತ್ತದೆ. ಡಿಸೆಂಬರ್‌ನಲ್ಲಿ ಬೆಂಗಳೂರಿನ 22 ಡಿಗ್ರಿ ಕೋಣೆಯಲ್ಲಿ 70 ತೋರಿಸಿದ ಯಂತ್ರ, ಮೇ ತಿಂಗಳಲ್ಲಿ ರಾಯಚೂರಿನ 40 ಡಿಗ್ರಿಯಲ್ಲಿ 88ಕ್ಕೆ ಹೋಗುತ್ತದೆ. ಬಿಸಿಲೂರಿನವರು 4.0ರಲ್ಲೇ ಇರಿ. ಚಳಿಗಾಲದಲ್ಲಿ ಸೆಟ್ಟಿಂಗ್ ಮಾಡಿದವರು ಯುಗಾದಿ ಹೊತ್ತಿಗೆ ಆ ಕಾಗದ ತೆಗೆದು, ದೂಳು ಹೊಡೆದು, ಮತ್ತೊಮ್ಮೆ 20 ನಿಮಿಷ ಓಡಿಸಿ ನೋಡಿ.