ಗೇನ್ ಇಳಿಸಿದರೆ ಗಿಟಾರ್ ದಪ್ಪವಾಗುತ್ತದೆ

ಪಾಪ್-ಪಂಕ್ ರಿದಮ್ ಗಿಟಾರ್ ಕಿವಿ ತುಂಬ ಮೊಳಗಬೇಕು, ಆದರೂ ಒಂದು ಕಾರ್ಡಿನಿಂದ (ಒಟ್ಟಿಗೆ ಮೊಳಗುವ ಸ್ವರಗಳ ಗುಚ್ಛ) ಇನ್ನೊಂದಕ್ಕೆ ಜಿಗಿದದ್ದು ಸ್ಪಷ್ಟವಾಗಿ ತಿಳಿಯಬೇಕು. ಈ ಎರಡನ್ನೂ ಆಂಪ್ಲಿಫೈಯರಿನಲ್ಲಿ (ಆಂಪ್) ಸದ್ದನ್ನು ಒರಟಾಗಿಸುವ, ಅಂದರೆ ಡಿಸ್ಟಾರ್ಷನ್ ಕೊಡುವ, ಗೇನ್ ಗುಂಡಿಯೊಂದರಿಂದಲೇ ಪಡೆಯಲು ಆಗುವುದಿಲ್ಲ. ಮನೆಯಲ್ಲಿ ಧ್ವನಿಮುದ್ರಣ ಮಾಡುವಾಗ ನಾನು ದಪ್ಪವನ್ನು ಬೇರೆ ಬೇರೆಯಾಗಿ ಮುದ್ರಿಸಿದ ಟ್ರ್ಯಾಕ್‌ಗಳಿಂದಲೂ ಸ್ಪಷ್ಟತೆಯನ್ನು ನಡು ಮಟ್ಟದ ಸದ್ದಾದ ಮಿಡ್‌ನಿಂದಲೂ ತರುತ್ತೇನೆ.

ಗಿಟಾರ್ ದುಬಾರಿಯದಾಗಬೇಕಿಲ್ಲ, ತಂತಿಗಳು ಕೂರುವ ಬ್ರಿಜ್ ಬಳಿ ಒಂದು ಹಂಬಕರ್ (ತಂತಿಯ ಕಂಪನ ಹಿಡಿಯುವ ಎರಡು ಸುರುಳಿಯ ಪಿಕಪ್) ಇದ್ದರೆ ಸಾಕು. ಪಾಪ್-ಪಂಕ್ ತಂಡ ಬ್ಲಿಂಕ್-182ರ ಗಿಟಾರಿಸ್ಟ್ ಟಾಮ್ ಡಿಲಾಂಗ್ ಹೆಸರಿನಲ್ಲಿ ಫೆಂಡರ್ ಕಂಪನಿ ತಂದ ಸ್ಟ್ರಾಟೊಕಾಸ್ಟರ್‌ನಲ್ಲಿ ಇದ್ದದ್ದು ಒಂದೇ ಪಿಕಪ್, ಒಂದೇ ವಾಲ್ಯೂಮ್ ಗುಂಡಿ. ಟೋನ್ ಗುಂಡಿಯೂ ಇರಲಿಲ್ಲ! ನೆರೆಹೊರೆಯವರ ನಿದ್ದೆಯ ಸಲುವಾಗಿ ನಾನು ನಿಜವಾದ ಆಂಪ್ ಬದಲು ಕಂಪ್ಯೂಟರಿನಲ್ಲಿ ಮಾರ್ಷಲ್ ಜೆಸಿಎಂ800 ಮಾದರಿಯನ್ನು ಬಳಸುತ್ತೇನೆ. ಗೇನ್ 4.5, ಬಾಸ್ 4, ಮಿಡ್ 6.5, ಟ್ರೆಬಲ್ 6, ಪ್ರೆಸೆನ್ಸ್ 5. ಅದರ ಮುಂದೆ ಟ್ಯೂಬ್ ಸ್ಕ್ರೀಮರ್ ಪೆಡಲ್: ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ನಡುವೆ. ಈ ಪೆಡಲ್ ಇರುವುದು ಡಿಸ್ಟಾರ್ಷನ್ ಹೆಚ್ಚಿಸಲಿಕ್ಕಲ್ಲ. ಸುಮಾರು 720 ಹರ್ಟ್ಸ್ ಸುತ್ತಲಿನ ಸದ್ದನ್ನು ಮುಂದೆ ತಂದು, ಕೆಳಗಿನ ಸದ್ದನ್ನು ಆಂಪ್ ತಲುಪುವ ಮೊದಲೇ ಇಳಿಸುತ್ತದೆ. ಪಾಮ್ ಮ್ಯೂಟ್, ಅಂದರೆ ಅಂಗೈ ಅಂಚಿನಿಂದ ತಂತಿ ಅದುಮಿ ನುಡಿಸಿದ ಸದ್ದು, ಬಿಗಿಯಾಗುತ್ತದೆ.

ಪರೀಕ್ಷೆಗೆ ಡ್ರಮ್ಸ್ ಹಾಕಿಕೊಂಡು, ನಿಮಿಷಕ್ಕೆ 180 ತಾಳದಲ್ಲಿ ಐದನೇ ತಂತಿಯನ್ನು ಅಂಗೈ ಅಂಚಿನಿಂದ ಅದುಮಿ ನುಡಿಸುತ್ತೇನೆ. ಗಮನ ಕೊಡುವುದು ಹೊಡೆತಕ್ಕಲ್ಲ, ಎರಡು ಹೊಡೆತಗಳ ನಡುವಿನ ಮೌನಕ್ಕೆ. ಆ ಸಂದಿನಲ್ಲಿ ಜೇನುಗೂಡು ಕೆದಕಿದಂತೆ ಗುಂಯ್ ಎಂದರೆ ಗೇನ್ ಹೆಚ್ಚಾಗಿದೆ ಎಂದರ್ಥ. ಆಮೇಲೆ ಕೈ ಎತ್ತಿ ಮೂರನೇ ಸ್ವರವೂ ಸೇರಿದ ಪೂರ್ಣ ಮೇಜರ್ ಕಾರ್ಡ್ ಬಾರಿಸುತ್ತೇನೆ. ಪವರ್ ಕಾರ್ಡಿನಲ್ಲಿ ಇರುವುದು ಮೂಲ ಸ್ವರ ಮತ್ತು ಐದನೆಯದು. ಅವುಗಳ ಅನುಪಾತ ಹೆಚ್ಚುಕಡಿಮೆ 3:2 ಆದ್ದರಿಂದ ಎಷ್ಟು ಡಿಸ್ಟಾರ್ಷನ್ ಸುರಿದರೂ ತಡೆದುಕೊಳ್ಳುತ್ತದೆ. ಆದರೆ ಗಿಟಾರಿನ ಫ್ರೆಟ್‌ಗಳಲ್ಲಿ ಮೇಜರ್ ಮೂರನೇ ಸ್ವರ ಶುದ್ಧ ಸ್ವರಕ್ಕಿಂತ ಸುಮಾರು 14 ಸೆಂಟ್ (ಒಂದು ಸೆಂಟ್ ಎಂದರೆ ಒಂದು ಫ್ರೆಟ್ ಅಂತರದ ನೂರನೇ ಒಂದು ಭಾಗ) ಮೇಲಿರುತ್ತದೆ. ಗೇನ್ ಏರಿದಷ್ಟೂ ಆ ಜಗಳ ದೊಡ್ಡದಾಗಿ ಕೇಳುತ್ತದೆ. ಈ ಕಾರ್ಡ್ ಕಲಸುಮೇಲೋಗರವಾಗದಂತೆ ಉಳಿಯುವ ಮಟ್ಟವೇ ನನ್ನ ಗೇನ್. ಒಂಟಿಯಾಗಿ ಕೇಳಿದರೆ ಅದು ಸ್ವಲ್ಪ ಬಡಕಲು ಎನಿಸುತ್ತದೆ. ಎನಿಸಲಿ.

ದಪ್ಪ ಬರುವುದು ಎರಡನೇ ಟೇಕ್‌ನಿಂದ. ಅದೇ ಭಾಗವನ್ನು ಹೊಸದಾಗಿ ನುಡಿಸಿ ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಇಡುತ್ತೇನೆ. ಒಂದೇ ಟೇಕನ್ನು ನಕಲು ಮಾಡಿ ಎರಡು ಕಡೆ ಇಟ್ಟರೆ ಸದ್ದು ನಡುವೆಯೇ ನಿಂತು ಜೋರಾಗುತ್ತದೆ, ಅಗಲವಾಗುವುದಿಲ್ಲ. ಕೈಯ ಸಣ್ಣ ಸಣ್ಣ ವ್ಯತ್ಯಾಸಗಳೇ ಅಗಲ ಕೊಡುವುದು.

ಶ್ರುತಿಯ ವಿಷಯದಲ್ಲಿ ನಾನು ಹಠಮಾರಿ. ಪಿಕ್‌ನಿಂದ ಬಲವಾಗಿ ಹೊಡೆದಾಗ ದಪ್ಪ ತಂತಿಯ ಶ್ರುತಿ ಆ ಕ್ಷಣ ಏರಿ ಆಮೇಲೆ ಇಳಿಯುತ್ತದೆ. ಮೆಲ್ಲಗೆ ಮೀಟಿ ಶ್ರುತಿ ಮಾಡಿದರೆ ಹಾಡಿನ ಉದ್ದಕ್ಕೂ ಅಪಸ್ವರವೇ. ಆದ್ದರಿಂದ ಹಾಡಿನಲ್ಲಿ ಹೊಡೆಯುವಷ್ಟೇ ಜೋರಾಗಿ ಹೊಡೆದು, ಪ್ರತಿ ಟೇಕ್‌ಗೂ ಮುನ್ನ ಟ್ಯೂನರ್ ನೋಡುತ್ತೇನೆ.

ಮಿಕ್ಸ್‌ನಲ್ಲಿ ಹೆಚ್ಚು ಕೆಲಸವಿಲ್ಲ: 90 ಹರ್ಟ್ಸ್‌ಗಿಂತ ಕೆಳಗಿನದನ್ನೂ 9 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನೂ ಕತ್ತರಿಸುತ್ತೇನೆ. ಕೆಳಗಿನ ಜಾಗವನ್ನು ಪಿಕ್‌ನಿಂದ ನುಡಿಸಿದ, ತುಸು ಡಿಸ್ಟಾರ್ಷನ್ ಹಚ್ಚಿದ ಬಾಸ್ ಗಿಟಾರ್ ತುಂಬುತ್ತದೆ. ಕೊನೆಗೆ ಮೊಬೈಲ್ ಸ್ಪೀಕರಿನಲ್ಲಿ ಕೇಳುತ್ತೇನೆ. ಅಲ್ಲಿ ಕಾರ್ಡ್ ಬದಲಾದದ್ದು ತಿಳಿಯದಿದ್ದರೆ ಮಿಡ್ ಇನ್ನೂ ಅರ್ಧ ಅಂಕ ಏರುತ್ತದೆ.