ಬತ್ತಿದ ಬಾವಿಯ ಅಂಕಿ

ನಾನು ಸರ್ಕಾರಿ ಭೂವಿಜ್ಞಾನಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ವೀಕ್ಷಣಾ ಬಾವಿಗಳ ನೀರಿನ ಮಟ್ಟ ಅಳೆಯುವುದು ನನ್ನ ಕೆಲಸದ ದೊಡ್ಡ ಪಾಲು. ಇಲಾಖೆಯ ಜೀಪು ಕಂಡರೆ ಹಳ್ಳಿಯಲ್ಲಿ ಬರುವ ಮೊದಲ ಪ್ರಶ್ನೆ "ಪಾಯಿಂಟ್ ಮಾಡೋಕೆ ಬಂದಿದೀರಾ ಸಾರ್?" ಎಂಬುದೇ, ಅಂದರೆ ಬೋರು ಕೊರೆಸಲು ಜಾಗ ತೋರಿಸಲು. ಅಲ್ಲ ಎಂದರೆ, ನೀರು ತೋರಿಸದ ಜಿಯಾಲಜಿಸ್ಟ್ ಇದ್ದೇನು ಬಂತು ಎನ್ನುವ ನೋಟ. ಟೇಪು ಇಳಿಸು, ಅಂಕಿ ಬರೆದುಕೋ, ಮುಂದಿನ ಬಾವಿಗೆ ಹೋಗು, ಇಷ್ಟೇ ಈ ಕೆಲಸ ಎಂದು ಕಚೇರಿಯೊಳಗೂ ಹಲವರು ಅಂದುಕೊಂಡಿದ್ದಾರೆ. ನನ್ನನ್ನು ಕೇಳಿದರೆ ರಿಜಿಸ್ಟರಿನಲ್ಲಿ ಅಂಕಿಯ ಕಾಲಂಗಿಂತ ಕಟ್ಟಕಡೆಯ 'ಷರಾ' (ಟಿಪ್ಪಣಿ) ಕಾಲಂ ಮುಖ್ಯ. ಯಾಕೆ ಎಂದು ಹೇಳುತ್ತೇನೆ.

ಕೇಂದ್ರ ಅಂತರ್ಜಲ ಮಂಡಳಿ ದೇಶದಾದ್ಯಂತ ತನ್ನ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ: ಜನವರಿ, ಮುಂಗಾರಿಗೆ ಮುಂಚಿನ ಬೇಸಿಗೆ, ಆಗಸ್ಟ್, ನವೆಂಬರ್. ರಾಜ್ಯದ ಬಾವಿಗಳಿಗೆ ತಿಂಗಳಿಗೊಮ್ಮೆ ಹೋಗುತ್ತೇವೆ. ಸಾಮಾನ್ಯವಾಗಿ ಬೇಸಿಗೆಯಲ್ಲಿ ಮಟ್ಟ ಅತಿ ಕೆಳಗೆ, ನವೆಂಬರಿನಲ್ಲಿ ಅತಿ ಮೇಲೆ. ಈ ಎರಡರ ನಡುವಿನ ವ್ಯತ್ಯಾಸವೇ ತಾಲ್ಲೂಕಿನ ನೀರಿನ ಲೆಕ್ಕದ ಬುನಾದಿ.

ತೆರೆದ ಬಾವಿಯಾದರೆ ಕಟ್ಟೆಯ ಮೇಲೆ ಪೇಂಟಿನಲ್ಲಿ ಒಂದು ಬಾಣದ ಗುರುತು ಇರುತ್ತದೆ. ಪ್ರತಿ ಸಲವೂ ಅಲ್ಲಿಂದಲೇ ಟೇಪು ಬಿಡಬೇಕು, ಆಮೇಲೆ ಗುರುತಿಗೂ ನೆಲಕ್ಕೂ ಇರುವ ಎತ್ತರವನ್ನು ಕಳೆಯಬೇಕು. ಪಂಚಾಯಿತಿಯವರು ಬಾವಿಕಟ್ಟೆಗೆ ಎರಡು ವರಸೆ ಇಟ್ಟಿಗೆ ಏರಿಸಿ ಗಿಲಾವು ಮಾಡಿದರೆ ಬಾಣವೂ ಹೋಯಿತು, ಹಳೆಯ ಎತ್ತರವೂ ಹೋಯಿತು. ಅದನ್ನು ಗಮನಿಸದೆ ಅಳೆದರೆ ರಾತ್ರೋರಾತ್ರಿ ನೀರು ಅರ್ಧ ಅಡಿಯಷ್ಟು ಕುಸಿದಂತೆ ಕಾಣುತ್ತದೆ. ಕೊಳವೆ ಬಾವಿಗೆ ವಾಟರ್ ಲೆವೆಲ್ ಇಂಡಿಕೇಟರ್ ಬಳಸುತ್ತೇವೆ. ರಾಟೆಗೆ ಸುತ್ತಿದ ಟೇಪು, ತುದಿಯಲ್ಲೊಂದು ಪ್ರೋಬು. ಅದು ನೀರು ಮುಟ್ಟಿದರೆ ಮೇಲೆ ಬೀಪ್ ಶಬ್ದ. ತೊಂದರೆ ಏನೆಂದರೆ ಕೇಸಿಂಗ್ ಪೈಪಿನ ಒಳಗೋಡೆಯ ತೇವಕ್ಕೂ ಅದು ಬೀಪ್ ಅನ್ನುತ್ತದೆ. ಆದ್ದರಿಂದ ಮೊದಲ ಶಬ್ದವನ್ನು ನಂಬದೆ ಎತ್ತಿ ಇಳಿಸಿ, ಎತ್ತಿ ಇಳಿಸಿ, ಒಂದೇ ಜಾಗದಲ್ಲಿ ಕೂಗುತ್ತದೆಯೇ ಎಂದು ನೋಡಬೇಕು.

ಇಷ್ಟು ಮಾಡಿದ ಮೇಲೂ ಅಂಕಿಗೆ ಅರ್ಥ ಬರುವುದು ಒಂದು ಪ್ರಶ್ನೆ ಕೇಳಿದ ಬಳಿಕ: "ಮೋಟರ್ ಯಾವಾಗ ಆಫ್ ಮಾಡಿದ್ರಿ ಯಜಮಾನ್ರೇ?" ಪಂಪು ಓಡುತ್ತಿರುವಾಗ ಸಿಗುವುದು ಆ ಬಾವಿಯ ಎಳೆತದ ಮಟ್ಟ, ಭೂಮಿಯ ನೀರಿನ ಮಟ್ಟವಲ್ಲ. ನಿಲ್ಲಿಸಿದ ಮೇಲೆ ಬಾವಿ ಚೇತರಿಸಿಕೊಳ್ಳಲು ಗಂಟೆಗಟ್ಟಲೆ ಬೇಕು. ಅವರ ಮೋಟರ್ ನಿಂತಿದ್ದರೂ ಪಕ್ಕದ ಹೊಲದ್ದು ಓಡುತ್ತಿರಬಹುದು. ಇಬ್ಬರ ಬಾವಿಗೂ ಒಂದೇ ಬಿರುಕು ನೀರು ಕೊಡುತ್ತಿದ್ದರೆ ಅಲ್ಲಿ ಎಳೆದದ್ದು ಇಲ್ಲಿ ಕಾಣುತ್ತದೆ. ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ಕರೆಂಟು ಏಳು ಗಂಟೆ ಅಂತ ಲೆಕ್ಕ, ಅದೂ ಕೆಲವೆಡೆ ಹಗಲು, ಕೆಲವೆಡೆ ರಾತ್ರಿ. ಹಾಗಾಗಿ ನನ್ನ ಪ್ರವಾಸದ ಪಟ್ಟಿ ಸಿದ್ಧವಾಗುವುದು ನಕ್ಷೆ ನೋಡಿಯಲ್ಲ, ಯಾವ ಫೀಡರಿಗೆ ಎಷ್ಟು ಹೊತ್ತಿಗೆ ಕರೆಂಟು ಎಂದು ಲೈನ್‌ಮನ್ನನ್ನು ಕೇಳಿ.

ಈಗ ಹಲವು ಬಾವಿಗಳಲ್ಲಿ ತಾನಾಗಿ ಅಳೆಯುವ ಯಂತ್ರ ಕೂರಿಸಿದ್ದೇವೆ. ನೀರಿನೊಳಗೆ ಇಳಿಬಿಟ್ಟ ಸೆನ್ಸರು ಮೇಲಿನ ನೀರಿನ ಒತ್ತಡ ಅಳೆದು ಸಿಮ್ ಮೂಲಕ ಅಂಕಿ ಕಳಿಸುತ್ತದೆ. ಅದರ ಗ್ರಾಫನ್ನು ಮೊದಲ ಸಲ ಬಿಡಿಸಿ ನೋಡಿದಾಗ ಗರಗಸದ ಹಲ್ಲಿನಂತೆ ಕಂಡಿತು. ಪ್ರತಿ ಹಲ್ಲೂ ಒಂದು ದಿನದ ಕರೆಂಟು: ತ್ರೀಫೇಸ್ ಬಂದ ಗಳಿಗೆಯಿಂದ ಇಳಿಜಾರು, ಹೋದ ಗಳಿಗೆಯಿಂದ ನಿಧಾನವಾಗಿ ಏರು. ನಾವು ಟೇಪು ಹಿಡಿದು ಹೋಗುತ್ತಿದ್ದುದು ಆ ಹಲ್ಲುಗಳ ಯಾವ ಭಾಗಕ್ಕೆ ಎಂದು ಆಗ ಗೊತ್ತಾಯಿತು. ಈ ಸೆನ್ಸರಿಗೂ ತನ್ನದೇ ತರಲೆ ಇದೆ. ಕೆಲವು ಮಾದರಿಗಳು ಗಾಳಿಯ ಒತ್ತಡವನ್ನೂ ಸೇರಿಸಿ ಅಳೆಯುತ್ತವೆ. ಗಾಳಿಯ ಒತ್ತಡ ಒಂದು ಮಿಲಿಬಾರ್ ಬದಲಾದರೆ ನೀರಿನ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಬದಲಾದಂತೆ ತೋರುತ್ತದೆ. ಮೋಡ ಕವಿದ ವಾಯುಭಾರ ಕುಸಿತದ ದಿನಗಳಲ್ಲಿ ಒತ್ತಡದ ಅಂಕಿಯನ್ನು ಕಳೆಯದಿದ್ದರೆ ಮಳೆ ಬೀಳುವ ಮುಂಚೆಯೇ ಬಾವಿಯಲ್ಲಿ ವಿನಾಕಾರಣ ನೀರು ಇಳಿದಿರುತ್ತದೆ! ಆದ್ದರಿಂದ ಯಂತ್ರ ಇರುವ ಬಾವಿಗೂ ಆಗಾಗ ಟೇಪು ಇಳಿಸಿ ತಾಳೆ ನೋಡುತ್ತೇನೆ.

ನೆಲದೊಳಗಿನ ಕಲ್ಲಿನ ವಿಷಯಕ್ಕೆ ಬರೋಣ. ಇಲ್ಲಿರುವುದು ಹೆಚ್ಚಾಗಿ ಪೆನಿನ್ಸುಲಾರ್ ನೈಸ್, ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಜಾತಿಯದು, ವಯಸ್ಸು ಸುಮಾರು 300 ಕೋಟಿ ವರ್ಷ. ಗಂಗಾ ಬಯಲಿನ ಮರಳಿನಂತೆ ಇದು ನೀರು ಹಿಡಿದಿಡುವುದಿಲ್ಲ. ಮೇಲೆ ಒಂದಷ್ಟು ಮೀಟರ್ ಮಳೆ ಗಾಳಿಗೆ ಸಡಿಲಾದ ಕೊಳೆತ ಕಲ್ಲು, ಅದರ ಕೆಳಗೆ ಗಟ್ಟಿ ಕಲ್ಲು, ಗಟ್ಟಿ ಕಲ್ಲಿನೊಳಗೆ ಅಲ್ಲೊಂದು ಇಲ್ಲೊಂದು ಬಿರುಕು. ನೀರು ಕೂರುವ ಜಾಗವೆಂದರೆ ಕೊಳೆತ ಕಲ್ಲು. ಬಿರುಕುಗಳು ಹೆಚ್ಚಾಗಿ ಹಾದಿಗಳು. ಸಾವಿರ ಅಡಿ ಕೊರೆದು ನೀರು ಸಿಕ್ಕಿತು ಎಂದರೆ ಸಾವಿರ ಅಡಿ ದಪ್ಪದ ನೀರು ಸಿಕ್ಕಿತು ಎಂದಲ್ಲ, ಒಂದು ಸೀಳು ಸಿಕ್ಕಿತು ಎಂದಷ್ಟೇ. ಮಧ್ಯೆ ಅಡ್ಡಲಾಗಿ ಡಾಲರೈಟ್ ಡೈಕುಗಳು, ಹಳ್ಳಿಯವರ ಮಾತಿನಲ್ಲಿ ಕರಿಕಲ್ಲು, ಗೋಡೆ ಹಾಕಿದಂತೆ ಹಾದುಹೋಗಿರುತ್ತವೆ. ಅದರ ಒಂದು ಪಕ್ಕ ನೀರು ನಿಂತರೆ ಇನ್ನೊಂದು ಪಕ್ಕ ಒಣ.

ಈಗ ಮುಖ್ಯ ವಿಷಯ. ವೀಕ್ಷಣಾ ಜಾಲದ ಹಳೆಯ ಬಾವಿಗಳು ಬಹುತೇಕ ಜನರು ಬಳಸುತ್ತಿದ್ದ ತೆರೆದ ಬಾವಿಗಳು. ಈ ಬಯಲುಸೀಮೆಯಲ್ಲಿ ಅವು ಒಂದೊಂದಾಗಿ ಬತ್ತಿದವು. ಬತ್ತಿದ ಬಾವಿಗೆ ಹೋದಾಗ ಏನು ಬರೆಯಬೇಕು? ರಿಜಿಸ್ಟರಿನಲ್ಲಿ ಆಳದ ಕಾಲಂ ಖಾಲಿ ಬಿಡುವುದು ವಾಡಿಕೆ. ಕಂಪ್ಯೂಟರಿಗೆ ಏರಿಸುವಾಗ ಖಾಲಿ ಕಾಲಂ ಎಂದರೆ ಅಳತೆಯೇ ಆಗಿಲ್ಲ ಎಂದು ಅರ್ಥ. ಸರಾಸರಿ ತೆಗೆಯುವಾಗ ಆ ಬಾವಿ ಪಟ್ಟಿಯಿಂದಲೇ ಜಾರಿಹೋಗುತ್ತದೆ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಐದು ಬಾವಿಗಳಿವೆ ಎನ್ನಿ. ನೀರು 8, 10, 12, 14, 18 ಮೀಟರ್ ಆಳದಲ್ಲಿದೆ. ಸರಾಸರಿ 12.4. ಮುಂದಿನ ವರ್ಷ ಎಲ್ಲ ಕಡೆಯೂ ಎರಡು ಮೀಟರ್ ಕುಸಿಯಿತು. ಮೊದಲ ಮೂರರಲ್ಲಿ 10, 12, 14 ಸಿಗುತ್ತದೆ. ಕೊನೆಯ ಎರಡು ಬಾವಿಗಳ ತಳ 15 ಮತ್ತು 19 ಮೀಟರಿಗೇ ಮುಗಿದಿದ್ದರಿಂದ ಅವು ಬತ್ತಿವೆ, ಕಾಲಂ ಖಾಲಿ. ಉಳಿದ ಮೂರರ ಸರಾಸರಿ 12. ಎಲ್ಲ ಬಾವಿಯೂ ಎರಡು ಮೀಟರ್ ಇಳಿದ ವರ್ಷದಲ್ಲಿ ವರದಿ ಹೇಳುವುದು 'ಅಂತರ್ಜಲ ಮಟ್ಟದಲ್ಲಿ 0.4 ಮೀಟರ್ ಏರಿಕೆ'.

ಇದು ಬರೀ ಕಾಗದದ ಮೇಲಿನ ಭಯವಲ್ಲ. ದಕ್ಷಿಣ ಭಾರತದಲ್ಲಿ ಅಂತರ್ಜಲ ಚೇತರಿಸಿಕೊಳ್ಳುತ್ತಿದೆ ಎಂಬ ಮಾತು ಕೆಲಕಾಲ ಸಂಶೋಧನಾ ವಲಯದಲ್ಲಿತ್ತು. ರೈತರು ಮಾತ್ರ ಬೋರು ಬತ್ತಿತೆಂದು ಇನ್ನೂ ಆಳಕ್ಕೆ ಕೊರೆಸುತ್ತಲೇ ಇದ್ದರು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಿರೋಧಾಭಾಸವನ್ನೇ ಹಿಡಿದು ನೋಡಿತು: ಬತ್ತಿದ ಬಾವಿಗಳು ವಿಶ್ಲೇಷಣೆಯಿಂದ ಹೊರಗುಳಿದು, ಬದುಕಿದ ಬಾವಿಗಳಷ್ಟೇ ಲೆಕ್ಕಕ್ಕೆ ಸಿಕ್ಕಿದ್ದರಿಂದ ಚೇತರಿಕೆಯ ಚಿತ್ರ ಮೂಡಿತ್ತು. ನಾವು ಖಾಲಿ ಬಿಟ್ಟ ಕಾಲಂಗಳು ಅಷ್ಟು ದೂರ ಪ್ರಯಾಣ ಮಾಡುತ್ತವೆ.

ಹಾಗಾಗಿ ಬತ್ತಿದ ಬಾವಿಯಲ್ಲೂ ನಾನು ಟೇಪು ಇಳಿಸುತ್ತೇನೆ. ತಳ ಮುಟ್ಟಿಸಿ ಬಾವಿಯ ಆಳ ಅಳೆದು, ಷರಾದಲ್ಲಿ "ತಳ 15.2 ಮೀ., ನೀರಿಲ್ಲ, ಮಟ್ಟ ಇದಕ್ಕಿಂತ ಕೆಳಗೆ" ಎಂದು ಬರೆಯುತ್ತೇನೆ. ನಿಖರ ಮಟ್ಟ ಗೊತ್ತಿಲ್ಲದಿದ್ದರೂ ಅದು ಒಂದು ಅಂಕಿಯೇ. 'ಇದಕ್ಕಿಂತ ಕೆಳಗೆ' ಎಂಬ ಅಂಕಿಯನ್ನು ಬಳಸಿಕೊಳ್ಳುವ ವಿಧಾನಗಳು ಸಂಖ್ಯಾಶಾಸ್ತ್ರದಲ್ಲಿ ಇವೆ. ತಳ ಅಳೆಯುವುದರಿಂದ ಇನ್ನೊಂದು ಲಾಭ. ಬತ್ತಿದ ಬಾವಿಗೆ ಜನ ಕಸ ಸುರಿಯುತ್ತಾರೆ, ತಳ ಮೇಲೆ ಬರುತ್ತಾ ಹೋಗುತ್ತದೆ. ಒಂದು ಮಳೆಗಾಲದಲ್ಲಿ ಆ ಕಸದ ಮೇಲೆ ಮೊಳಕಾಲುದ್ದ ನೀರು ನಿಂತರೆ ಅದು ಅಂತರ್ಜಲವೋ ಚರಂಡಿ ನೀರೋ ತೀರ್ಮಾನಿಸಲು ಹಳೆಯ ತಳದ ಅಳತೆ ಬೇಕು. ಇದನ್ನೆಲ್ಲ ಡ್ಯಾಶ್‌ಬೋರ್ಡಿನ ಫಾರಂನಲ್ಲಿ ತುಂಬಲು ಜಾಗವಿಲ್ಲ. ಅಲ್ಲಿ ಅಂಕಿ ಹಾಕದೆ ಸೇವ್ ಬಟನ್ನೇ ಬೆಳಗುವುದಿಲ್ಲ, ಅಕ್ಷರ ಹಾಕಿದರೆ ಕೆಂಪು ಗೆರೆ. ಜಾಗ ಕೊಡಿ ಎಂದು ಬರೆದುಕೊಂಡೆ. "ಪರಿಶೀಲಿಸಲಾಗುವುದು" ಎಂಬ ಉತ್ತರ ಬಂದಿದೆ. ಅಲ್ಲಿಯವರೆಗೆ ಒಂದು ಎಕ್ಸೆಲ್ ಹಾಳೆಯನ್ನು ಬೇರೆಯಾಗಿ ಇಟ್ಟುಕೊಂಡಿದ್ದೇನೆ.

ಮಟ್ಟ ಏರಿದಾಗಲೂ ಎಚ್ಚರ ಬೇಕು. ವರ್ಷಕ್ಕೆ ಏಳುನೂರು ಮಿಲಿಮೀಟರ್ ಮಳೆ ಎಂದಿಟ್ಟುಕೊಳ್ಳಿ. ಜೇಡಿ ಕಡಿಮೆ ಇರುವ ಕೊಳೆತ ನೈಸಿನಲ್ಲಿ ಮಳೆಯ ಶೇ. 11ರಷ್ಟು ಕೆಳಗಿಳಿಯುತ್ತದೆ ಎಂಬುದು ಅಂತರ್ಜಲ ಅಂದಾಜು ಸಮಿತಿ ಒಪ್ಪಿದ ಮಾನದಂಡ. ಅಂದರೆ 77 ಮಿ.ಮೀ. ಈ ಕಲ್ಲು ಹೀರಿ ಮತ್ತೆ ಬಿಟ್ಟುಕೊಡುವ ಜಾಗ ಅದರ ಗಾತ್ರದ ಶೇ. 2ರಷ್ಟು ಮಾತ್ರ ಎಂದು ಹಿಡಿದರೆ, ಆ 77 ಮಿ.ಮೀ. ನೀರು ಬಾವಿಯಲ್ಲಿ ಸುಮಾರು ನಾಲ್ಕು ಮೀಟರ್ ಏರಿಕೆಯಾಗಿ ಕಾಣುತ್ತದೆ. ನೋಡಿದವರಿಗೆ ಗಂಗೆ ಉಕ್ಕಿದಂತೆ. ಅಷ್ಟೇ ಬೇಗ ಇಳಿಯುತ್ತದೆ ಕೂಡ. 2021ರ ನವೆಂಬರಿನ ಜಡಿಮಳೆಯಲ್ಲಿ ಕೆರೆಗಳು ಕೋಡಿ ಹರಿದಾಗ ಇನ್ನು ಹತ್ತು ವರ್ಷ ಚಿಂತೆಯಿಲ್ಲ ಎಂದವರಿಗೆ ನಾನು ಇದೇ ಲೆಕ್ಕ ಹೇಳುತ್ತಿದ್ದೆ. ಒಂದು ತಾಲ್ಲೂಕಿಗೆ ವರ್ಷಕ್ಕೆ ಸಿಗುವ ನೀರಿನಲ್ಲಿ ಶೇ. 70ರವರೆಗೆ ಎತ್ತಿದರೆ ಸುರಕ್ಷಿತ, 90 ದಾಟಿದರೆ ಗಂಭೀರ, 100 ದಾಟಿದರೆ ಅತಿ ಬಳಕೆ. ಕೋಲಾರದ ತಾಲ್ಲೂಕುಗಳು ಕೊನೆಯ ಪಟ್ಟಿಯಲ್ಲಿ ಕೂತು ಬಹಳ ಕಾಲವಾಯಿತು.

ಪಾಯಿಂಟಿನ ಮಾತು ಬಂದಿದ್ದರಿಂದ ಒಂದು ವಿಷಯ. ತೆಂಗಿನಕಾಯಿ, ಕವೆ ಕಡ್ಡಿ ಹಿಡಿದು ನೀರು ತೋರಿಸುವವರ ಜತೆ ನಾನು ಜಗಳ ಆಡುವುದಿಲ್ಲ. ನೆಲಕ್ಕೆ ಕರೆಂಟು ಹರಿಸಿ ಕಲ್ಲು ಅದನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ನಮ್ಮ ರೆಸಿಸ್ಟಿವಿಟಿ ಯಂತ್ರವೂ ಕೊಳೆತ ಕಲ್ಲಿನ ದಪ್ಪವನ್ನು ಚೆನ್ನಾಗಿ ಹೇಳುತ್ತದೆ, ಆದರೆ ಎಂಟುನೂರು ಅಡಿ ಕೆಳಗಿನ ಬೆರಳಗಲದ ಬಿರುಕನ್ನು ಅದರಿಂದ ಹಿಡಿಯಲಾಗದು. ಯಂತ್ರ ಇಟ್ಟು ಆ ಆಳದ ನೀರಿಗೆ ಗ್ಯಾರಂಟಿ ಕೊಡುವವರನ್ನು ಮಾತ್ರ ನಂಬಬೇಡಿ. ಬೋರು ಬಿದ್ದ ಮೇಲೆ ಲಾರಿಯವರು ಹೇಳುವ 'ಇಂಚು' ಲೆಕ್ಕವನ್ನೂ ತಿಳಿದುಕೊಳ್ಳಿ. ಅದು ವಿ-ನಾಚ್ ತಗಡಿನಲ್ಲಿ, ಅಂದರೆ 'V' ಆಕಾರದಲ್ಲಿ ಕತ್ತರಿಸಿದ ತಗಡಿನಲ್ಲಿ, ನೀರು ಎಷ್ಟು ಎತ್ತರಕ್ಕೆ ನಿಂತಿತು ಎಂಬ ಅಳತೆ. ಎರಡು ಇಂಚು ಎಂದರೆ ಗಂಟೆಗೆ ಮೂರು ಸಾವಿರ ಲೀಟರಿಗೆ ತುಸು ಕಡಿಮೆ, ಮೂರು ಇಂಚು ಎಂದರೆ ಎಂಟು ಸಾವಿರದ ಹತ್ತಿರ. ಒಂದೂವರೆ ಪಟ್ಟಲ್ಲ, ಎರಡೂಮುಕ್ಕಾಲು ಪಟ್ಟು. ಮೂರು ಇಂಚಿನ ಬಾವಿ ಎರಡು ಇಂಚಿಗೆ ಬಂತು ಎಂದರೆ ನೀರು ಮೂರರಲ್ಲಿ ಒಂದು ಪಾಲಿನ ಆಸುಪಾಸಿಗೆ ಇಳಿದಿದೆ.

ನೀರಿನ ಮಾದರಿಯನ್ನೂ ತೆಗೆಯುತ್ತೇವೆ. ಸ್ವಲ್ಪ ಹೊತ್ತು ಪಂಪು ಓಡಿಸಿ ಪೈಪಿನಲ್ಲಿ ನಿಂತ ನೀರು ಹೋದಮೇಲೆ ಪ್ಲಾಸ್ಟಿಕ್ ಬಾಟಲಿಗೆ ತುಂಬುವುದು. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಬಾಟಲಿ ಆಗದು. ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಮೀರದಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಕಲ್ಲಿನ ಜತೆ ಬಹುಕಾಲ ಇದ್ದ ನೀರು ಕ್ಯಾಲ್ಸಿಯಂ ಕಳೆದುಕೊಂಡು ಮೃದುವಾಗುತ್ತದೆ, ಆಗ ಫ್ಲೋರೈಡ್ ಕರಗಿಕೊಂಡೇ ಉಳಿಯುತ್ತದೆ. ಪಾವಗಡ, ಬಾಗೇಪಲ್ಲಿ ಕಡೆ "ಸೋಪು ಚೆನ್ನಾಗಿ ನೊರೆ ಬರುತ್ತೆ, ಒಳ್ಳೆ ನೀರು" ಎಂದು ಹೊಗಳುವ ಬೋರಿನ ನೀರನ್ನೇ ನಾನು ಮೊದಲು ಪರೀಕ್ಷೆಗೆ ಕಳಿಸುವುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ.

ಈಚೆಗೆ ನನ್ನ ಸಮಯ ಹೆಚ್ಚು ಹೋಗುತ್ತಿರುವುದು ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ತುಂಬಿದ ಕೆರೆಗಳ ಸುತ್ತ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಬಾವಿ ಏರಿದರೆ ಅದು ಕೆರೆಯಿಂದಲೋ ಮಳೆಯಿಂದಲೋ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಏಳುತ್ತದೆ. ನಾನು ಬಾವಿಗಳನ್ನು ಜೋಡಿಯಾಗಿ ಅಳೆಯುತ್ತೇನೆ: ಒಂದು ಏರಿಯ ಕೆಳಗಿನ ಅಚ್ಚುಕಟ್ಟಿನಲ್ಲಿ, ಇನ್ನೊಂದು ಅದೇ ಮಳೆ ಬೀಳುವ, ಆದರೆ ಪೈಪಿನ ನೀರು ಮುಟ್ಟದ ಪಕ್ಕದ ಹಳ್ಳದಲ್ಲಿ. ಎರಡೂ ಒಟ್ಟಿಗೆ ಏರಿದರೆ ಮಳೆ, ಮೊದಲನೆಯದು ಬೇಸಿಗೆಯಲ್ಲೂ ಇಳಿಯದೆ ನಿಂತರೆ ಕೆರೆ. ನೈಟ್ರೇಟನ್ನೂ ಜತೆಗೇ ನೋಡುತ್ತೇನೆ. ಒಂದು ಕಡೆ ಅಚ್ಚುಕಟ್ಟಿನ ಬಾವಿ ಏರಿದ್ದರೂ ಅದರಿಂದ ಕೂಗಳತೆಯಲ್ಲಿರುವ ಇನ್ನೊಂದು ಬಾವಿ ಅಲುಗಾಡಿರಲಿಲ್ಲ. ಮಧ್ಯದ ಹೊಲದಲ್ಲಿ ಸಾಲಾಗಿ ಎದ್ದಿದ್ದ ಕರಿಕಲ್ಲಿನ ಗುಂಡುಗಳನ್ನು ನೋಡಿದ ಮೇಲೆ ಕಾರಣ ಕೇಳಬೇಕಾಗಿರಲಿಲ್ಲ. ಆ ಡೈಕಿನ ಎರಡೂ ಪಕ್ಕ ಪಂಪು ಇಳಿಸದ ಒಂದೊಂದು ಅಳತೆ ಬೋರು ಕೊರೆಸಲು ಪ್ರಸ್ತಾವ ಕಳಿಸಿದ್ದೇನೆ.