ಐಪಿ ಕ್ಯಾಮೆರಾ ಕೆಟ್ಟಿದೆ ಅನ್ನುವ ಮೊದಲು: ನನ್ನ ಅನುಭವ

ಐಪಿ ಕ್ಯಾಮೆರಾ ಅಂದರೆ ನೆಟ್‌ವರ್ಕ್ ಕೇಬಲ್ ಮೂಲಕ ಚಿತ್ರ ಕಳಿಸುವ ಕಣ್ಗಾವಲು ಕ್ಯಾಮೆರಾ. ಅಂಗಡಿಯಾಗಲಿ, ಗೋದಾಮಾಗಲಿ, ಕಚೇರಿಯಾಗಲಿ, ದೂರು ಬರುವುದು ಒಂದೇ ಮಾತಿನಲ್ಲಿ: "ಕ್ಯಾಮೆರಾ ಹೋಗಿದೆ." ಪರದೆಯಲ್ಲಿ ಒಂದು ಚೌಕ ಕಪ್ಪಾಗಿರುತ್ತದೆ, ಅಷ್ಟೇ. ಆ ಚೌಕದ ಹಿಂದೆ ನೆಟ್‌ವರ್ಕ್ ಸ್ವಿಚ್‌ನ (ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಪೋರ್ಟ್, ಪ್ಯಾಚ್ ಕಾರ್ಡ್ (ಗಿಡ್ಡ ನೆಟ್‌ವರ್ಕ್ ಕೇಬಲ್), ಗೋಡೆಯೊಳಗಿನ ಕೇಬಲ್, ಎರಡು ಮೂರು ಕನೆಕ್ಟರ್, ಆಮೇಲೆ ಕ್ಯಾಮೆರಾ ಇವೆ. ನಾನು ಕ್ಯಾಮೆರಾ ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ. ಒಮ್ಮೆ ಬಿಚ್ಚಿದ ಮೇಲೆ ನೀರು ತಡೆಯುವ ಗ್ಯಾಸ್ಕೆಟ್ ಮೊದಲಿನ ಹಾಗೆ ಕೂರುವುದು ಕಷ್ಟ. ಸರಿಯಿದ್ದ ಕ್ಯಾಮೆರಾದೊಳಕ್ಕೆ ಮುಂದಿನ ಮಳೆಯ ನೀರಿಗೆ ನಾವೇ ದಾರಿ ಮಾಡಿಕೊಟ್ಟ ಹಾಗಾಗುತ್ತದೆ.

ಏಣಿ ಹತ್ತುವ ಮುಂಚೆ ಕೇಳುವುದು ಇಷ್ಟು: ಯಾವಾಗಿನಿಂದ, ಯಾವ ಹೊತ್ತಿನಲ್ಲಿ? ಹಗಲಿಡೀ ಚೆನ್ನಾಗಿದ್ದು ಕತ್ತಲಾದ ಮೇಲೆ ಹೋಗಿ ಬಂದು ಮಾಡುತ್ತಿದ್ದರೆ ವಿದ್ಯುತ್ ಸಾಲುತ್ತಿಲ್ಲ. ಮಳೆಯ ಮರುದಿನ ಹೋದರೆ ಮೊದಲ ಅನುಮಾನ ಕನೆಕ್ಟರ್‌ನೊಳಗಿನ ನೀರಿನ ಮೇಲೆ. ಸಿಡಿಲಿನ ನಂತರ ನಾಲ್ಕೈದು ಒಟ್ಟಿಗೆ ಹೋದರೆ ಸ್ವಿಚ್‌ನ ಪೋರ್ಟ್‌ಗಳನ್ನೇ ಮೊದಲು ನೋಡಬೇಕು. ಎರಡು ಕ್ಯಾಮೆರಾಗಳಲ್ಲಿ ಒಂದು ಬಂದರೆ ಇನ್ನೊಂದು ಹೋಗುತ್ತಿದ್ದರೆ ಎರಡಕ್ಕೂ ಒಂದೇ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಬಿದ್ದಿರುತ್ತದೆ. ಅದು ಹಾರ್ಡ್‌ವೇರ್ ದೋಷವೇ ಅಲ್ಲ, ಆದರೂ ಒಳ್ಳೆಯ ಕ್ಯಾಮೆರಾಗಳು ಇದೇ ಕಾರಣಕ್ಕೆ ಮೂಲೆ ಸೇರುತ್ತವೆ.

ಚೀಲದಲ್ಲಿ ಇರಲೇಬೇಕಾದವು: ಸರಿಯಿದೆ ಎಂದು ಖಚಿತವಾಗಿ ಗೊತ್ತಿರುವ ಒಂದು ಕ್ಯಾಮೆರಾ, ಒಂದು ಮೀಟರ್‌ನ ಪ್ಯಾಚ್ ಕಾರ್ಡ್, 48 ವೋಲ್ಟ್‌ನ ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ ಕಳಿಸುವ ವಿಧಾನ) ಇಂಜೆಕ್ಟರ್, ಮಲ್ಟಿಮೀಟರ್, ಕ್ರಿಂಪಿಂಗ್ ಟೂಲ್, ಹತ್ತಿಪ್ಪತ್ತು ಆರ್‌ಜೆ45 (ನೆಟ್‌ವರ್ಕ್ ಕೇಬಲ್ ತುದಿಯ ಪ್ಲಗ್), ಲ್ಯಾಪ್‌ಟಾಪ್. ಇಂಜೆಕ್ಟರ್ 802.3ಎಎಫ್ ಎಂಬ ಪಿಒಇ ಮಾನದಂಡದ್ದೇ ಆಗಿರಲಿ. ಕೇಳದೆಯೇ ವೋಲ್ಟೇಜ್ ಸುರಿಯುವ ಪ್ಯಾಸಿವ್ ಇಂಜೆಕ್ಟರ್ ತಪ್ಪು ಸಾಧನಕ್ಕೆ ಸಿಕ್ಕರೆ ಇನ್ನೊಂದು ರಿಪೇರಿ ಮೈಮೇಲೆ ಬರುತ್ತದೆ.

ಮೊದಲ ಕೆಲಸ ಸ್ವಿಚ್ ಹತ್ತಿರ. ಕೆಟ್ಟದ್ದೆನ್ನುವ ಕ್ಯಾಮೆರಾದ ಕೇಬಲ್ ಕಿತ್ತು, ಪಕ್ಕದ ಸರಿಯಾದ ಕ್ಯಾಮೆರಾದ ಪೋರ್ಟ್‌ಗೆ ಚುಚ್ಚುತ್ತೇನೆ. ಕ್ಯಾಮೆರಾ ಬಂತು ಅಂದರೆ ತಪ್ಪು ಪೋರ್ಟ್‌ನದು. ಬರದಿದ್ದರೆ ಮೇಲೆ ಹೋಗಿ, ಅದೇ ಕೇಬಲ್‌ನ ತುದಿಗೆ ನನ್ನ ಕ್ಯಾಮೆರಾ ಹಾಕುತ್ತೇನೆ. ಅದು ಬಂದರೆ ದೋಷ ಮೇಲಿರುವ ಕ್ಯಾಮೆರಾದ್ದು ಅಥವಾ ಅದರ ಬಾಲದ (ಕ್ಯಾಮೆರಾದಿಂದ ಹೊರಬರುವ ಗಿಡ್ಡ ವೈರ್) ಕನೆಕ್ಟರ್‌ನದು, ಬರದಿದ್ದರೆ ಕೇಬಲ್‌ನದು. ಎರಡೇ ಅದಲುಬದಲಿನಲ್ಲಿ ದೋಷ ಯಾವ ತುಂಡಿನಲ್ಲಿದೆ ಎಂದು ತಿಳಿಯುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕೇಬಲ್, ಪೋರ್ಟ್ ಎರಡನ್ನೂ ಒಟ್ಟಿಗೆ ಬದಲಿಸಿ ಕ್ಯಾಮೆರಾ ಬಂದರೆ ಕಾರಣ ಗೊತ್ತಾಗುವುದಿಲ್ಲ, ವಾರದೊಳಗೆ ಮತ್ತೆ ಫೋನ್ ಬರುತ್ತದೆ.

ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಖಾಲಿ ಪಿಒಇ ಪೋರ್ಟ್‌ಗೆ ಮಲ್ಟಿಮೀಟರ್ ಇಟ್ಟು, 48 ವೋಲ್ಟ್ ಕಾಣಲಿಲ್ಲ ಎಂದು ಪೋರ್ಟ್ ಸತ್ತಿದೆ ಎನ್ನುತ್ತಾರೆ. ಪಿಒಇ ಹಾಗೆ ಕೆಲಸ ಮಾಡುವುದಿಲ್ಲ. ಸ್ವಿಚ್ ಮೊದಲು ಸಣ್ಣ ವೋಲ್ಟೇಜ್ ಬಿಟ್ಟು, ಆ ತುದಿಯಲ್ಲಿ ಸುಮಾರು 25 ಕಿಲೋ ಓಮ್ ರೋಧ ಇದೆಯೇ ಎಂದು ಹುಡುಕುತ್ತದೆ. ಅದು ಸಿಕ್ಕ ಮೇಲೆಯೇ ಪೂರ್ತಿ ವೋಲ್ಟೇಜ್ ಕೊಡುವುದು. ಹಾಗಾಗಿ ಖಾಲಿ ಪೋರ್ಟ್‌ನಲ್ಲಿ ಮೀಟರ್ ತೋರಿಸುವ ಅಂಕಿಗೆ ಅರ್ಥವಿಲ್ಲ. ಕೇಬಲ್‌ನ ಪಿನ್‌ಗಳ ನಡುವೆ ತೇವವಿದ್ದರೂ ಈ ರೋಧ ಏರುಪೇರಾಗಿ, ಎಲ್ಲ ಸರಿಯಿದ್ದೂ ಸ್ವಿಚ್ ವಿದ್ಯುತ್ ಕೊಡದೆ ಕೂರಬಹುದು.

ಸ್ವಿಚ್‌ನ ಒಟ್ಟು ವಾಟ್ ಲೆಕ್ಕವನ್ನೂ ಇದೇ ಹೊತ್ತಿಗೆ ನೋಡಿಬಿಡುವುದು ಒಳ್ಳೆಯದು. 802.3ಎಎಫ್‌ನಲ್ಲಿ ಪೋರ್ಟ್ ಕೊಡುವುದು 15.4 ವಾಟ್, ಕ್ಯಾಮೆರಾಗೆ ಖಾತ್ರಿಯಾಗಿ ತಲುಪುವುದು 12.95. ಅದರ ಮುಂದಿನ ಮಾನದಂಡವಾದ 802.3ಎಟಿಯಲ್ಲಿ 30 ಮತ್ತು 25.5. ಎಂಟು ಪೋರ್ಟ್ ಇದೆ ಎಂದು ಎಂಟಕ್ಕೂ ಪೂರ್ತಿ ವಿದ್ಯುತ್ ಸಿಗುತ್ತದೆ ಎಂದುಕೊಳ್ಳಬೇಡಿ. ಕೆಲವು ಸ್ವಿಚ್‌ಗಳು ಕ್ಯಾಮೆರಾ ನಿಜವಾಗಿ ಎಳೆಯುವುದನ್ನು ನೋಡದೆ, ಅದರ ಕ್ಲಾಸ್ (ಎಷ್ಟು ವಿದ್ಯುತ್ ಬೇಕಾಗಬಹುದು ಎಂದು ಕ್ಯಾಮೆರಾ ಸ್ವಿಚ್‌ಗೆ ಹೇಳಿಕೊಳ್ಳುವ ದರ್ಜೆ) ನೋಡಿ ವಾಟ್ ಕಾದಿರಿಸುತ್ತವೆ. ಕ್ಲಾಸ್ 0 ಎಂದು ಹೇಳಿಕೊಳ್ಳುವ ಕ್ಯಾಮೆರಾ ಎಳೆಯುವುದು 5 ವಾಟ್ ಆದರೂ 15.4 ಮೀಸಲು. 60 ವಾಟ್‌ನ ಅಂಥ ಸ್ವಿಚ್‌ನಲ್ಲಿ ಮೂರು ಕ್ಯಾಮೆರಾ ಹೊತ್ತುತ್ತವೆ, ನಾಲ್ಕನೆಯದಕ್ಕೆ ವಿದ್ಯುತ್ ಇಲ್ಲ. ಮ್ಯಾನೇಜ್ಡ್ ಸ್ವಿಚ್ (ಬ್ರೌಸರ್‌ನಲ್ಲಿ ತೆರೆದು ನೋಡಬಹುದಾದದ್ದು) ಇದ್ದರೆ ಅದರ ಪುಟದಲ್ಲಿ ಪ್ರತಿ ಪೋರ್ಟ್‌ನ ವಾಟ್ ಕಾಣುತ್ತದೆ. ಒಂದು ವಾಟ್ ಆಸುಪಾಸಿನಲ್ಲೇ ನಿಂತಿದ್ದರೆ ಕ್ಯಾಮೆರಾ ಬೂಟ್ ಆಗುತ್ತಿಲ್ಲ. ಏರಿ ಇಳಿದು ಮತ್ತೆ ಏರುತ್ತಿದ್ದರೆ ರೀಸ್ಟಾರ್ಟ್ ಸುಳಿಯಲ್ಲಿ ಸಿಕ್ಕಿದೆ.

ರಾತ್ರಿಯ ದೋಷಕ್ಕೆ ಬರೋಣ. ಕತ್ತಲಾದಾಗ ಇನ್ಫ್ರಾರೆಡ್ ಎಲ್‌ಇಡಿಗಳು ಹೊತ್ತಿ ಕ್ಯಾಮೆರಾ ಎಳೆಯುವ ವಿದ್ಯುತ್ ಹಗಲಿನ ದುಪ್ಪಟ್ಟಾಗಬಹುದು. ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಆರಿ ಹೊತ್ತುತ್ತದೆ, ಬೂಟ್ ಆಗಿ ಎಲ್‌ಇಡಿ ಹೊತ್ತಿಸಿದ ಕೂಡಲೇ ಮತ್ತೆ ಕುಸಿತ. 12 ವೋಲ್ಟ್ ಅಡಾಪ್ಟರ್‌ನಲ್ಲಿ ನಡೆಯುವ ಕ್ಯಾಮೆರಾಗಳಲ್ಲಿ ಇದು ಬಹಳ. ಲೆಕ್ಕ ಹಾಕಿ ನೋಡಿ: 0.5 ಚದರ ಮಿಲಿಮೀಟರ್ ತಾಮ್ರದ ತಂತಿ 40 ಮೀಟರ್ ದೂರ ಹೋದರೆ, ಹೋಗಿ ಬರುವ ಉದ್ದ 80 ಮೀಟರ್. ರೋಧ ಸುಮಾರು 2.8 ಓಮ್. ಒಂದು ಆಂಪಿಯರ್ ಎಳೆದರೆ 2.8 ವೋಲ್ಟ್ ದಾರಿಯಲ್ಲೇ ಹೋಯಿತು, ಕ್ಯಾಮೆರಾಗೆ ಸಿಕ್ಕಿದ್ದು 9.2. ಸಾಮಾನ್ಯವಾಗಿ ಇವು ತಡೆಯುವುದು ಶೇಕಡ 10ರ ಏರಿಳಿತ, ಅಂದರೆ 10.8ರವರೆಗೆ. ಅದೇ ದೂರಕ್ಕೆ 1.5 ಚದರ ಮಿಲಿಮೀಟರ್ ತಂತಿ ಹಾಕಿದರೆ ನಷ್ಟ ಒಂದು ವೋಲ್ಟ್‌ಗಿಂತ ಕಡಿಮೆ. ಇಲ್ಲವೇ ಅಡಾಪ್ಟರನ್ನೇ ಕ್ಯಾಮೆರಾ ಹತ್ತಿರಕ್ಕೆ ಒಯ್ಯಬೇಕು, ಅಥವಾ ಪಿಒಇಗೆ ಬದಲಾಗಬೇಕು. 48 ವೋಲ್ಟ್‌ನಲ್ಲಿ ಅದೇ ವಾಟ್‌ಗೆ ಕರೆಂಟ್ ಕಾಲು ಭಾಗ.

ಇದನ್ನು ಪತ್ತೆಮಾಡಲು ರಾತ್ರಿವರೆಗೆ ಕಾಯಬೇಕಿಲ್ಲ. ಕ್ಯಾಮೆರಾದ ಮುಖದಲ್ಲಿರುವ ಬೆಳಕಿನ ಸೆನ್ಸರ್ ಮೇಲೆ ಕಪ್ಪು ಟೇಪ್ ಅಂಟಿಸಿ, ಅಥವಾ ಸೆಟ್ಟಿಂಗ್‌ನಲ್ಲಿ ರಾತ್ರಿ ಮೋಡ್ ಒತ್ತಾಯಿಸಿ. 850 ನ್ಯಾನೋಮೀಟರ್ ಎಲ್‌ಇಡಿ ಆಗಿದ್ದರೆ ಮಂದ ಕೆಂಪು ಕಾಣುತ್ತದೆ, 940 ಆದರೆ ಕಣ್ಣಿಗೆ ಬೀಳದು. ಎಲ್‌ಇಡಿ ಹೊತ್ತಿರುವಾಗಲೇ ಕ್ಯಾಮೆರಾ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಲೋಡ್ ಇಲ್ಲದ ಅಡಾಪ್ಟರ್ 12 ತೋರಿಸುವುದು ದೊಡ್ಡ ವಿಷಯವಲ್ಲ. ಒಳಗಿನ ಕೆಪಾಸಿಟರ್ ಒಣಗಿ ತಲೆ ಉಬ್ಬಿದ ಅಡಾಪ್ಟರ್ ಕೂಡ ಖಾಲಿ ಇದ್ದಾಗ 12 ತೋರಿಸುತ್ತದೆ, ಲೋಡ್ ಬಿದ್ದಾಗ ಮಲಗುತ್ತದೆ.

ಕೇಬಲ್ ವಿಷಯದಲ್ಲಿ ನನಗೆ ರಾಜಿಯಿಲ್ಲ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪವಿರುವ ಅಗ್ಗದ ಕೇಬಲ್ ಕಣ್ಣಿಗೆ ತಾಮ್ರದಂತೆಯೇ ಕಾಣುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದೇ. ಎರಡು ಮೂರು ಸಲ ಮಡಿಸಿದರೆ ಪಟ್ಟನೆ ಮುರಿಯುತ್ತದೆ. ಗೋಡೆಯೊಳಗೆ ಎಳೆದಾಗಿದ್ದರೆ ಅಳೆದು ತಿಳಿಯಬಹುದು: ಒಂದು ತುದಿಯಲ್ಲಿ ಒಂದು ಜೋಡಿಯ ಎರಡೂ ಎಳೆಗಳನ್ನು ಹೊಸೆದು, ಇನ್ನೊಂದು ತುದಿಯಲ್ಲಿ ರೋಧ ನೋಡಿ. 100 ಮೀಟರ್ ಅಪ್ಪಟ ತಾಮ್ರದ ಕ್ಯಾಟ್5ಇ ಕೇಬಲ್ ಸುಮಾರು 17 ಓಮ್ ಕೊಡುತ್ತದೆ, ಲೇಪದ್ದು 25 ದಾಟುತ್ತದೆ. ನಾಲ್ಕು ಜೋಡಿಗಳಲ್ಲಿ ಮೂರು ಒಂದೇ ಅಂಕಿ ತೋರಿಸಿ ಒಂದು ಮಾತ್ರ ಮೂರ್ನಾಲ್ಕು ಓಮ್ ಹೆಚ್ಚಿದ್ದರೆ ಎಲ್ಲೋ ಒಂದು ಕ್ರಿಂಪ್ ಅಥವಾ ಜೋಡಣೆ ಸಡಿಲ.

ಎಂಟು ದೀಪದ ಲ್ಯಾನ್ ಟೆಸ್ಟರ್ ಎಲ್ಲ ಹಸಿರು ತೋರಿಸಿದರೂ ಚಿತ್ರ ಕಟ್ ಆಗುತ್ತಿದ್ದರೆ ಬಣ್ಣಗಳ ಕ್ರಮ ನೋಡಿ. ಎರಡೂ ಕಡೆ ಒಂದೇ ಕ್ರಮ ಇದ್ದರೆ ಸಾಕು ಎಂದು ಕೆಲವರು ಜೋಡಿಗಳನ್ನು ಸಾಲಾಗಿ 1-2, 3-4, 5-6, 7-8 ಎಂದು ಕೂರಿಸಿರುತ್ತಾರೆ. ಡೇಟಾ ಹರಿಯುವುದು 1-2 ಮತ್ತು 3-6ರಲ್ಲಿ. ಹೀಗೆ ಮಾಡಿದಾಗ 3 ಮತ್ತು 6 ಬೇರೆ ಬೇರೆ ಜೋಡಿಯ ಎಳೆಗಳಾಗುತ್ತವೆ, ಹೊಸೆತದ ಪ್ರಯೋಜನ ಹೋಗುತ್ತದೆ. ಟೆಸ್ಟರ್‌ಗೆ ಇದು ಕಾಣುವುದಿಲ್ಲ. ಕ್ರಮ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. 100ಕ್ಕೆ ಬರಬೇಕಾದ ಲಿಂಕ್ 10 ಎಂಬಿಪಿಎಸ್‌ಗೆ ಇಳಿದು ನಿಂತಿದ್ದರೂ ಅನುಮಾನ ಕೇಬಲ್ ಮೇಲೆಯೇ.

ಹೊರಾಂಗಣ ಕ್ಯಾಮೆರಾಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು ಬಾಲದ ತುದಿಯ ಆರ್‌ಜೆ45. ಅದನ್ನು ಕಿತ್ತು ಟಾರ್ಚ್ ಹಾಕಿ ನೋಡಿ: ಚಿನ್ನದ ಬಣ್ಣದ ಎಂಟು ಗೆರೆಗಳಲ್ಲಿ ಒಂದೆರಡು ಹಸಿರಾಗಿ ಪುಡಿ ಕಟ್ಟಿರುತ್ತವೆ, ಇಲ್ಲವೇ ತಿಂದುಹೋಗಿ ಕಪ್ಪು ಗುರುತಷ್ಟೇ ಉಳಿದಿರುತ್ತದೆ. ನೀರು, ಡಿಸಿ ವೋಲ್ಟೇಜ್ ಎರಡೂ ಸೇರಿದರೆ ಧನ ಬದಿಯ ಪಿನ್‌ನ ಲೋಹ ಕರಗಿ ಹೋಗುತ್ತದೆ. ಡೇಟಾ ಹರಿಯದ ಬಿಡಿ ಜೋಡಿಗಳಲ್ಲಿ ವಿದ್ಯುತ್ ಕಳಿಸುವ ಸ್ವಿಚ್ ಆದರೆ ಅದು 4 ಮತ್ತು 5ನೇ ಪಿನ್. ಕೇಬಲ್ ಕಡೆಯ ಪ್ಲಗ್ ಕತ್ತರಿಸಿ ಹೊಸದು ಹಾಕುವುದು ಸುಲಭ. ಕತ್ತರಿಸಿದಾಗ ಎಳೆಗಳು ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸುತ್ತಾ ಹೋಗಬೇಕು. ಬಾಲದ ಸಾಕೆಟ್‌ನಲ್ಲಿಯೇ ಪಿನ್ ಹೋಗಿದ್ದರೆ ಸ್ಪಿರಿಟ್ ಹಾಕಿ ಒರೆಸಿದರೂ ಹೆಚ್ಚು ದಿನ ಬಾಳದು, ಬಾಲವನ್ನೇ ಬದಲಿಸಬೇಕು.

ಬಳಸದೆ ಬಿಟ್ಟ 12 ವೋಲ್ಟ್ ಜ್ಯಾಕ್ ಕೂಡ ನೀರು ಒಳಗೆ ಬರುವ ಬಾಗಿಲು. ಅಲ್ಲಿಂದ ಹೊಕ್ಕ ನೀರು ಕೇಬಲ್ ಹೊದಿಕೆಯೊಳಗೆ ಬತ್ತಿಗೆ ಎಣ್ಣೆ ಏರಿದಂತೆ ಏರಿ ಬೋರ್ಡ್ ತಲುಪುತ್ತದೆ. ಹಾಗಾಗಿ ಬಾಲ ಪೂರ್ತಿ ಜಂಕ್ಷನ್ ಬಾಕ್ಸ್‌ನೊಳಗೆ ಇರಬೇಕು, ಕೇಬಲ್ ಬಾಕ್ಸ್‌ಗೆ ಕೆಳಗಿನಿಂದ ಹೊಕ್ಕಬೇಕು, ಹೊಕ್ಕುವ ಮುಂಚೆ ಒಂದು ಕೆಳಬಾಗು ಇರಬೇಕು. ಆ ಬಾಗಿನಿಂದ ನೀರು ತೊಟ್ಟಿಕ್ಕಿ ಹೋಗುತ್ತದೆ. ಬರೀ ಇನ್ಸುಲೇಷನ್ ಟೇಪ್ ಸುತ್ತುವುದು ನೀರನ್ನು ತಡೆಯುವುದಕ್ಕಿಂತ ಹಿಡಿದಿಡುವುದೇ ಹೆಚ್ಚು. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಎಳೆದು ಸುತ್ತಿ.

ಇನ್ನು ಕ್ಯಾಮೆರಾ ಒಳಗಿನದು. ಹಗಲಿನಲ್ಲಿ ಗಿಡಮರ ಗುಲಾಬಿ ಅಥವಾ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಇನ್ಫ್ರಾರೆಡ್ ತಡೆಯುವ ಫಿಲ್ಟರ್ ಲೆನ್ಸ್ ಹಿಂದಕ್ಕೆ ಬಂದಿಲ್ಲ. ಸೆಟ್ಟಿಂಗ್‌ನಲ್ಲಿ ಹಗಲು, ರಾತ್ರಿ ಮೋಡ್ ಬದಲಿಸುತ್ತಾ ಕ್ಯಾಮೆರಾಗೆ ಕಿವಿ ಕೊಟ್ಟು ಕೇಳಿ. ಟಕ್ ಎಂಬ ಸಣ್ಣ ಸದ್ದು ಬರಬೇಕು. ಬರದಿದ್ದರೆ ಫಿಲ್ಟರ್‌ನ ಎರಡು ತಂತಿಯ ಸಣ್ಣ ಕನೆಕ್ಟರ್ ಕಳಚಿದೆ ಅಥವಾ ಫಿಲ್ಟರ್ ಸಿಕ್ಕಿಕೊಂಡಿದೆ. ಬೆರಳಿನಿಂದ ತಟ್ಟಿದಾಗ ಸರಿಹೋಗುವುದುಂಟು, ಆದರೆ ಅದು ಮತ್ತೆ ಸಿಕ್ಕಿಕೊಳ್ಳುತ್ತದೆ, ಬದಲಿಸಿಬಿಡಿ. ಡೋಮ್ (ಅರ್ಧಗೋಳದ ಮುಚ್ಚಳವಿರುವ) ಕ್ಯಾಮೆರಾದಲ್ಲಿ ರಾತ್ರಿ ಮಾತ್ರ ಬಿಳಿ ಮಂಜು ಕವಿದರೆ ಲೆನ್ಸ್ ಸುತ್ತಲಿನ ಕಪ್ಪು ಸ್ಪಂಜಿನ ಉಂಗುರ ಡೋಮ್‌ಗೆ ಒತ್ತಿ ಕೂತಿದೆಯೇ ನೋಡಿ. ಸಂದಿ ಬಿಟ್ಟರೆ ಎಲ್‌ಇಡಿ ಬೆಳಕು ಒಳಗೇ ಪ್ರತಿಫಲಿಸಿ ಲೆನ್ಸ್‌ಗೆ ಬೀಳುತ್ತದೆ. ನಿಜವಾದ ಮಂಜು ಅಂದರೆ ತೇವ: ಸಿಲಿಕಾ ಜೆಲ್ ಬದಲಿಸಿ, ಗ್ಯಾಸ್ಕೆಟ್ ಮಡಿಕೆಯಿಲ್ಲದೆ ಕೂರಿಸಿ, ಒಣ ಹವೆಯಿದ್ದಾಗ ಮಾತ್ರ ಮುಚ್ಚಿ.

ರೆಕಾರ್ಡಿಂಗ್ ಮಧ್ಯೆ ಮಧ್ಯೆ ಇಲ್ಲದಿದ್ದರೆ ಎನ್‌ವಿಆರ್‌ನ (ದೃಶ್ಯಗಳನ್ನು ದಾಖಲಿಸುವ ಪೆಟ್ಟಿಗೆ) ಡಿಸ್ಕ್ ನೋಡಬೇಕು. ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಪಟ್ಟಿಯಲ್ಲಿ 5, 197, 198ನೇ ಸಾಲುಗಳ ಕಚ್ಚಾ ಅಂಕಿ ಸೊನ್ನೆ ಬಿಟ್ಟು ಏರುತ್ತಿದ್ದರೆ ಡಿಸ್ಕ್ ಬದಲಿಸುವ ಸಮಯ. 199 ಮಾತ್ರ ಏರುತ್ತಿದ್ದರೆ ಮೊದಲು ಸಾಟಾ ಕೇಬಲ್ ಬದಲಿಸಿ. ಎನ್‌ವಿಆರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಡಿಸ್ಕ್ ಕಳಚಿಟ್ಟು ಎನ್‌ವಿಆರ್ ಮಾತ್ರ ಆನ್ ಮಾಡಿ. ಡಿಸ್ಕ್ ಇಲ್ಲದಾಗ ರೀಸ್ಟಾರ್ಟ್ ಆಗದೆ ನಡೆದರೆ ಅಡಾಪ್ಟರ್ ಬಲ ಸಾಲುತ್ತಿಲ್ಲ, ಇಲ್ಲವೇ ಡಿಸ್ಕ್‌ನಲ್ಲೇ ದೋಷವಿದೆ. ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲೇ ಅದು ಹೆಚ್ಚು ಎಳೆಯುವುದು. ಪ್ರತಿ ಸಲ ವಿದ್ಯುತ್ ಹೋದಾಗ ಗಡಿಯಾರ ಹಳೆಯ ವರ್ಷಕ್ಕೆ ಹೋದರೆ ಬೋರ್ಡ್ ಮೇಲಿನ ನಾಣ್ಯದಾಕಾರದ 3 ವೋಲ್ಟ್ ಸೆಲ್ ಮುಗಿದಿದೆ. ಇದನ್ನು ಸಣ್ಣದೆಂದು ಬಿಡಬೇಡಿ. ಕಳ್ಳತನವಾದ ದಿನ ದೃಶ್ಯ ಇದ್ದೂ ಸಮಯ ತಪ್ಪಿದ್ದರೆ ಆ ದೃಶ್ಯವನ್ನು ಪ್ರಶ್ನಿಸುವುದು ಸುಲಭ.

ರಿಪೇರಿ ಆದ ಮೇಲೆ ರಾತ್ರಿ ಮೋಡ್ ಒತ್ತಾಯಿಸಿ, ಎಲ್‌ಇಡಿ ಹೊತ್ತಿಸಿಟ್ಟು, ಲ್ಯಾಪ್‌ಟಾಪ್‌ನಿಂದ 1400 ಬೈಟ್‌ನ ಪಿಂಗ್ (ಕ್ಯಾಮೆರಾ ಉತ್ತರಿಸುತ್ತದೆಯೇ ಎಂದು ನೋಡುವ ಪರೀಕ್ಷಾ ಸಂದೇಶ) ಅರ್ಧ ಗಂಟೆ ಬಿಡುತ್ತೇನೆ. ಒಂದು ಪ್ಯಾಕೆಟ್ ಕೂಡ ಕಳೆದುಹೋಗಬಾರದು. ಆಮೇಲೆ ಕೇಬಲನ್ನು ಎರಡೂ ತುದಿಗಳಲ್ಲಿ ಮೆಲ್ಲಗೆ ಅಲ್ಲಾಡಿಸಿ, ಪಿಂಗ್ ನಿಲ್ಲದೆ ಹೋಗುತ್ತಿದ್ದರೆ ಮಾತ್ರ ಬಾಕ್ಸ್ ಮುಚ್ಚಿ ಏಣಿ ಇಳಿಯುವುದು.